ಗಟ್ಟಿ ಡಿಫೆನ್ಸೋ, ತಾರಾ ಕ್ವಾರ್ಟರ್‌ಬ್ಯಾಕೋ? ಸೂಪರ್ ಬೌಲ್ ಗೆಲ್ಲಿಸುವುದು ಯಾವುದು

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಅಮೆರಿಕದಲ್ಲಿ ಇಲ್ಲಿಯ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ಪ್ಲೇಆಫ್, ಅಂದರೆ ಸೂಪರ್ ಬೌಲ್ ಎಂಬ ಫೈನಲ್‌ಗೆ ದಾರಿಯಾಗುವ ಪಂದ್ಯಗಳು, ಶುರುವಾಗಿರುತ್ತವೆ. ಇಲ್ಲಿನ ಕನ್ನಡದ ಮನೆಗಳಲ್ಲಿ ಒಳಗೆ ಹುಗ್ಗಿ ಬೇಯುತ್ತಿದ್ದರೆ ಹೊರಗೆ ಟಿವಿಯ ಮುಂದೆ ಪ್ರತಿ ವರ್ಷ ಒಂದೇ ವಾದ. ಎದುರಾಳಿಗೆ ಒಂದು ಗಜವನ್ನೂ ಬಿಟ್ಟುಕೊಡದ ಡಿಫೆನ್ಸ್ ಕಪ್ ಗೆಲ್ಲುತ್ತದೆ ಎಂದು ಒಬ್ಬರು, ಚೆಂಡು ಎಸೆಯುವ ಆ ಒಬ್ಬ ಕ್ವಾರ್ಟರ್‌ಬ್ಯಾಕ್ ಚೆನ್ನಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ಇನ್ನೊಬ್ಬರು.

ನನ್ನನ್ನು ಈ ಪ್ರಶ್ನೆ ಕೇಳುವವರು ಮೂರು ಬಗೆಯವರು. ಈ ದೇಶಕ್ಕೆ ಹೊಸದಾಗಿ ಬಂದು ಯಾವ ತಂಡಕ್ಕೆ ಮನಸ್ಸು ಕೊಡಲಿ ಎನ್ನುವವರು. ಆಫೀಸಿನಲ್ಲಿ ಗೆಲ್ಲುವ ತಂಡವನ್ನು ಊಹಿಸುವ ಪಟ್ಟಿ ಕೈಗೆ ಬಂದಾಗ ಯಾರ ಹೆಸರು ಬರೆಯಲಿ ಎನ್ನುವವರು. ಇಲ್ಲೇ ಹುಟ್ಟಿ ಬೆಳೆದ ಮಗನ ಜೊತೆ, 'ನೀನು ತಂಡ ಕಟ್ಟಿದರೆ ಮೊದಲ ದುಡ್ಡು ಎಲ್ಲಿ ಹಾಕುತ್ತೀಯ' ಎಂದು ಗಂಟೆಗಟ್ಟಲೆ ಮಾತಾಡುವ ಅಪ್ಪಂದಿರು. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಮೋಸವಾಗುತ್ತದೆ. ಆದ್ದರಿಂದ ಮೊದಲು ಯಾವುದರಿಂದ ಅಳೆಯಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳೋಣ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಬೆಲೆ. ಎನ್‌ಎಫ್‌ಎಲ್‌ನ 32 ತಂಡಗಳಿಗೂ ಆಟಗಾರರ ಸಂಬಳಕ್ಕೆ ಒಂದೇ ಮಿತಿ ಇದೆ. 1994ರಲ್ಲಿ ಬಂದ ಈ ಕಟ್ಟಳೆಗೆ ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. 2025ರಲ್ಲಿ ಅದು 27.92 ಕೋಟಿ ಡಾಲರ್. ಐಪಿಎಲ್ ಹರಾಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾಲೀಕ ಎಷ್ಟೇ ಸಿರಿವಂತನಾದರೂ ಚೀಲದಲ್ಲಿರುವುದು ಇಷ್ಟೇ, ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ. 2024ರಲ್ಲಿ ಡ್ಯಾಲಸ್ ಕೌಬಾಯ್ಸ್ ತಂಡ ಡ್ಯಾಕ್ ಪ್ರೆಸ್ಕಾಟ್ ಜೊತೆ 4 ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 6 ಕೋಟಿ. 53 ಆಟಗಾರರ ತಂಡದಲ್ಲಿ ಒಬ್ಬನ ಹೆಸರಿಗೇ ಮಿತಿಯ ಐದನೇ ಒಂದು ಭಾಗ.

ಎರಡನೆಯದು ಬಾಳಿಕೆ, ಅಂದರೆ ಇಂದು ಕೊಂಡದ್ದು ಎಷ್ಟು ವರ್ಷ ಬರುತ್ತದೆ ಎಂಬುದು. ಮೂರನೆಯದು, ಅದು ಸಿಗುವುದಾದರೂ ಹೇಗೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಬೇಕು ಎಂದು ಎಲ್ಲರೂ ಹೇಳುತ್ತಾರೆ, ಸಿಗುವುದು ಕೆಲವರಿಗೆ ಮಾತ್ರ. ನಾಲ್ಕನೆಯದು ಪೆಟ್ಟು: ಒಬ್ಬನ ಮೊಣಕಾಲು ತಿರುಚಿದರೆ ಇಡೀ ಸೀಸನ್ ಹೋಗುತ್ತದೆಯೇ? ಕೊನೆಯದು ಜನವರಿಯ ಪರೀಕ್ಷೆ. ಸೋತವರು ಮನೆಗೆ ಹೋಗುವ ಪ್ಲೇಆಫ್‌ನಲ್ಲಿ ಎದುರಿಗೆ ಬರುವವರೆಲ್ಲ ಬಲಿಷ್ಠರೇ. ಸೆಪ್ಟೆಂಬರ್‌ನಲ್ಲಿ ಮೆರೆದದ್ದು ಅಲ್ಲಿ ನಿಲ್ಲುತ್ತದೆಯೇ ಎಂದು ನೋಡಬೇಕು.

ಡಿಫೆನ್ಸ್ ಮೇಲೆ ಕಟ್ಟಿದ ತಂಡ

ಈ ದಾರಿಯ ಅತಿ ಶುದ್ಧ ಉದಾಹರಣೆ 2000ದ ಸೀಸನ್‌ನ ಬಾಲ್ಟಿಮೋರ್ ರೇವನ್ಸ್ (ಒಂದು ಸೀಸನ್‌ನ ಫೈನಲ್ ನಡೆಯುವುದು ಮರುವರ್ಷದ ಆರಂಭದಲ್ಲಿ). ಆ ವರ್ಷ ಅಕ್ಟೋಬರ್ ಸುಮಾರಿಗೆ ಅವರ ಆಕ್ರಮಣ ಸತತ 5 ಪಂದ್ಯಗಳಲ್ಲಿ ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಪಡೆಯುವುದು) ಗಳಿಸಲಿಲ್ಲ. ಸಾಮಾನ್ಯ ತಂಡ ಅಲ್ಲಿಗೆ ಮುಗಿಯುತ್ತಿತ್ತು. ಇವರು ಆ ಐದರಲ್ಲೂ 2 ಗೆದ್ದರು. 16 ಪಂದ್ಯಗಳಲ್ಲಿ ಎದುರಾಳಿಗಳಿಗೆ ಅವರು ಬಿಟ್ಟುಕೊಟ್ಟದ್ದು ಬರೀ 165 ಅಂಕ. 16 ಪಂದ್ಯಗಳ ಸೀಸನ್ ಇದ್ದ ಅಷ್ಟೂ ವರ್ಷಗಳಲ್ಲಿ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಪ್ಲೇಆಫ್‌ನ 4 ಪಂದ್ಯಗಳಲ್ಲಿ ಎದುರಾಳಿಗಳು ಗಳಿಸಿದ್ದು 3, 10, 3, 7. ಕೊನೆಯ ಆ 7 ಕೂಡ ಡಿಫೆನ್ಸ್ ಕೊಟ್ಟದ್ದಲ್ಲ. ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ರಾನ್ ಡಿಕ್ಸನ್ ಕಿಕ್ಕಾಫ್ ಚೆಂಡನ್ನು ಹಿಡಿದು ಓಡಿ ಗಳಿಸಿದ್ದು. ಫಲಿತಾಂಶ 34-7, ಪಂದ್ಯಶ್ರೇಷ್ಠ ಡಿಫೆನ್ಸ್‌ನ ಲೈನ್‌ಬ್ಯಾಕರ್ ರೇ ಲೂಯಿಸ್.

ಚೆಂಡು ಎಸೆದವರು ಟ್ರೆಂಟ್ ಡಿಲ್ಫರ್. ಸೀಸನ್ ನಡುವೆ ಬದಲಿಯಾಗಿ ಬಂದವರು, ತಪ್ಪು ಮಾಡದಿದ್ದರೆ ಸಾಕು ಎಂಬ ಕೆಲಸವನ್ನು ನಿಷ್ಠೆಯಿಂದ ಮಾಡಿದರು. ಕಪ್ ಗೆದ್ದ ಕೆಲವೇ ವಾರಗಳಲ್ಲಿ ತಂಡ ಅವರನ್ನು ಬಿಟ್ಟು ಬೇರೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ಡಿಫೆನ್ಸ್‌ನಿಂದಲೇ ಕಪ್ ಗೆದ್ದವರಿಗೂ ಕ್ವಾರ್ಟರ್‌ಬ್ಯಾಕ್‌ನ ಹುಡುಕಾಟ ತಪ್ಪಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

2002ರಲ್ಲಿ ಟ್ಯಾಂಪಾ ಬೇ ಬಕನೀರ್ಸ್ ಇದೇ ದಾರಿಯಲ್ಲಿ ಬಂದರು. ಫೈನಲ್‌ನಲ್ಲಿ ಅವರ ಎದುರು ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದಿದ್ದ ಓಕ್ಲೆಂಡ್‌ನ ರಿಚ್ ಗ್ಯಾನನ್. ಟ್ಯಾಂಪಾದವರು ಅವರ 5 ಎಸೆತಗಳನ್ನು ಕಸಿದು, ಅದರಲ್ಲಿ 3ನ್ನು ನೇರ ಟಚ್‌ಡೌನ್‌ಗೆ ಒಯ್ದರು. 48-21. ಇನ್ನು 2015ರ ಡೆನ್ವರ್ ಬ್ರಾಂಕೋಸ್ ಕಥೆ ಕೇಳಿದರೆ ಡಿಫೆನ್ಸ್ ಪಕ್ಷದವರಿಗೆ ಬೇರೆ ಸಾಕ್ಷಿಯೇ ಬೇಡ. 39 ವಯಸ್ಸಿನ ಪೇಟನ್ ಮ್ಯಾನಿಂಗ್ ಆ ಸೀಸನ್‌ನಲ್ಲಿ 9 ಟಚ್‌ಡೌನ್ ಎಸೆದು 17 ಚೆಂಡು ಕಳೆದುಕೊಂಡಿದ್ದರು, ನಡುವೆ ಕೆಲವು ವಾರ ಆಟದಿಂದ ಹೊರಗೂ ಇದ್ದರು. ಹಾಗಿದ್ದೂ ಫೈನಲ್‌ನಲ್ಲಿ ವಾನ್ ಮಿಲ್ಲರ್ ಎರಡು ಬಾರಿ ಕ್ಯಾಮ್ ನ್ಯೂಟನ್ ಕೈಯಿಂದ ಚೆಂಡು ಕೆಡವಿ, ಕೆರೊಲೈನಾವನ್ನು 24-10ರಿಂದ ಸೋಲಿಸಿದರು. ಸೋತ ನ್ಯೂಟನ್ ಆ ವರ್ಷದ ಶ್ರೇಷ್ಠ ಆಟಗಾರ.

ಜನವರಿಯ ಪರೀಕ್ಷೆಯಲ್ಲಿ ಹಾಗಾದರೆ ಡಿಫೆನ್ಸ್ ಗಟ್ಟಿ. ಪೆಟ್ಟಿನ ಲೆಕ್ಕದಲ್ಲೂ ಗಟ್ಟಿ, ಏಕೆಂದರೆ ಹನ್ನೊಂದು ಮಂದಿಯಲ್ಲಿ ಒಬ್ಬ ಹೊರಗೆ ಕೂತರೆ ಉಳಿದ ಹತ್ತು ಮಂದಿ ಹೊರೆ ಹಂಚಿಕೊಳ್ಳುತ್ತಾರೆ. ಸೋಲುವುದು ಬಾಳಿಕೆಯಲ್ಲಿ.

ಟ್ಯಾಂಪಾ ಮರುವರ್ಷ 7-9 (ಅಂದರೆ 7 ಗೆಲುವು, 9 ಸೋಲು), ಅದರ ಮರುವರ್ಷ 5-11. ರೇವನ್ಸ್ ಸಂಬಳದ ಮಿತಿಯ ಇಕ್ಕಟ್ಟಿಗೆ ಸಿಕ್ಕಿ ಆಟಗಾರರನ್ನು ಬಿಡಬೇಕಾಗಿ ಬಂದು 2002ರಲ್ಲಿ 7-9. ಮ್ಯಾನಿಂಗ್ ನಿವೃತ್ತರಾದ ಮೇಲೆ ಡೆನ್ವರ್ ಮತ್ತೆ ಪ್ಲೇಆಫ್ ಕಂಡದ್ದು 2024ರಲ್ಲಿ. ಕಪ್ ಗೆಲ್ಲದ ಡಿಫೆನ್ಸ್‌ಗಳ ಕಥೆ ಇನ್ನೂ ನೋವಿನದು, ಅವು ಯಾರಿಗೂ ನೆನಪಿರುವುದಿಲ್ಲ. ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ 2017ರಲ್ಲಿ ಸೂಪರ್ ಬೌಲ್‌ನ ಹೊಸ್ತಿಲವರೆಗೆ ಬಂದು, ಟಾಮ್ ಬ್ರೇಡಿಯ ಎದುರು 24-20ರಿಂದ ಸೋತು, ಮರುವರ್ಷ 5-11ಕ್ಕೆ ಇಳಿದರು. ಶಿಕಾಗೋ ಬೇರ್ಸ್ 2018ರಲ್ಲಿ 12-4, ಎದುರಾಳಿಗಳಿಂದ 36 ಬಾರಿ ಚೆಂಡು ಕಸಿದವರು. ತವರಿನ ಮೊದಲ ಪ್ಲೇಆಫ್ ಪಂದ್ಯದಲ್ಲೇ ಕೊನೆಯ ಕಿಕ್ ಕಂಬಕ್ಕೂ ಅಡ್ಡಪಟ್ಟಿಗೂ ಬಡಿದು 16-15ರಿಂದ ಹೊರಬಿದ್ದರು. ಮರುವರ್ಷ ಕಸಿದ ಚೆಂಡುಗಳು 19, ಫಲಿತಾಂಶ 8-8.

ಇದಕ್ಕೆ ಕಾರಣಗಳು ಸರಳ. ಕಳಚಿ ಬಿದ್ದ ಚೆಂಡು ಯಾವ ಕಡೆ ಪುಟಿಯುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಒಂದು ವರ್ಷ ಒಲಿದದ್ದು ಮುಂದಿನ ವರ್ಷ ಮುನಿಯುತ್ತದೆ. ಡಿಫೆನ್ಸ್ ಚೆನ್ನಾಗಿ ಆಡಿದರೆ ಹನ್ನೊಂದು ಮಂದಿಯೂ ಒಟ್ಟಿಗೆ ಹೆಚ್ಚು ಸಂಬಳ ಕೇಳುತ್ತಾರೆ, ಎಲ್ಲರಿಗೂ ಕೊಡಲು ಚೀಲದಲ್ಲಿ ಇರುವುದಿಲ್ಲ. ಅದನ್ನು ಕಟ್ಟಿದ ಕೋಚ್‌ಗೆ ಬೇರೆ ತಂಡ ಮುಖ್ಯ ಕೋಚ್ ಹುದ್ದೆ ಕೊಟ್ಟು ಕರೆದೊಯ್ಯುತ್ತದೆ. 1985ರ ಶಿಕಾಗೋ ಡಿಫೆನ್ಸ್ ಕಟ್ಟಿದ ಬಡಿ ರಯಾನ್ ಕಪ್ ಗೆದ್ದ ಕೂಡಲೇ ಫಿಲಡೆಲ್ಫಿಯಾಕ್ಕೆ ಹೊರಟರು. 2018ರದನ್ನು ಕಟ್ಟಿದ ವಿಕ್ ಫ್ಯಾಂಜಿಯೋ ಆ ಕಿಕ್ ತಪ್ಪಿದ ತಿಂಗಳಲ್ಲೇ ಡೆನ್ವರ್‌ಗೆ ಹೋದರು.

ತಾರಾ ಕ್ವಾರ್ಟರ್‌ಬ್ಯಾಕ್ ಮೇಲೆ ಕಟ್ಟಿದ ತಂಡ

ಈ ಪಕ್ಷಕ್ಕೆ ನಾನು ಕಂಡ ಅತಿ ಬಲವಾದ ಸಾಕ್ಷಿ ಒಂದು ಹೆಸರುಪಟ್ಟಿ. ಲೀಗ್ ಎರಡು ಹೋಳು: ಎಎಫ್‌ಸಿ ಮತ್ತು ಎನ್‌ಎಫ್‌ಸಿ. ಎರಡೂ ಕಡೆಯಿಂದ ಒಂದೊಂದು ತಂಡ ಸೂಪರ್ ಬೌಲ್‌ಗೆ ಬರುತ್ತದೆ. 2003ರಿಂದ 2018ರವರೆಗಿನ 16 ಸೀಸನ್‌ಗಳಲ್ಲಿ ಎಎಫ್‌ಸಿಯಿಂದ ಬಂದ ಕ್ವಾರ್ಟರ್‌ಬ್ಯಾಕ್‌ಗಳು ನಾಲ್ವರೇ: ಟಾಮ್ ಬ್ರೇಡಿ, ಪೇಟನ್ ಮ್ಯಾನಿಂಗ್, ಬೆನ್ ರಾತ್ಲಿಸ್‌ಬರ್ಗರ್, ಒಂದೇ ಒಂದು ಬಾರಿ ಜೋ ಫ್ಲಾಕೋ. ಮುಂದಿನ 6 ಸೀಸನ್‌ಗೆ ಪ್ಯಾಟ್ರಿಕ್ ಮಹೋಮ್ಸ್ ಐದು ಬಾರಿ, ಜೋ ಬರೋ ಒಂದು ಬಾರಿ. 22 ವರ್ಷ, ಆರು ಮಂದಿ. ಒಂದು ಹೋಳಿನಲ್ಲಿ 16 ತಂಡಗಳಿವೆ. ಉಳಿದ ತಂಡಗಳಲ್ಲಿ ಈ ಅವಧಿಯಲ್ಲಿ ಒಳ್ಳೆಯ ಡಿಫೆನ್ಸ್‌ಗಳು ಬಂದವು, ಹೋದವು, ಬಾಗಿಲು ತೆರೆಯಲಿಲ್ಲ.

ಎನ್‌ಎಫ್‌ಸಿಯಲ್ಲಿ ಅದೇ 16 ಸೀಸನ್‌ಗೆ ಬಂದವರು 14 ಮಂದಿ. ಎರಡು ಬಾರಿ ಬಂದವರು ಈಲೈ ಮ್ಯಾನಿಂಗ್, ರಸೆಲ್ ವಿಲ್ಸನ್ ಇಬ್ಬರೇ. ಅಂದರೆ ಮಹಾನ್ ಕ್ವಾರ್ಟರ್‌ಬ್ಯಾಕ್ ದಾರಿಗೆ ಅಡ್ಡ ನಿಲ್ಲದ ಕಡೆ ಯಾವ ಬಗೆಯ ತಂಡವೂ ಬರಬಹುದು, ಅವನು ನಿಂತ ಕಡೆ ಹಾದು ಹೋಗುವುದು ಬಹಳ ಕಷ್ಟ. ಆ 16 ಫೈನಲ್‌ಗಳಲ್ಲಿ ಎಎಫ್‌ಸಿ ಗೆದ್ದದ್ದು 10.

ಬಾಳಿಕೆಯಲ್ಲಿ ಆದ್ದರಿಂದ ಇದಕ್ಕೆ ಸಾಟಿ ಇಲ್ಲ. ಬ್ರೇಡಿ ಮೊದಲ ಕಪ್ ಗೆದ್ದದ್ದು 2002ರ ಫೆಬ್ರವರಿಯಲ್ಲಿ, ಏಳನೆಯದು 2021ರ ಫೆಬ್ರವರಿಯಲ್ಲಿ, 43ನೇ ವಯಸ್ಸಿನಲ್ಲಿ. ಈ ನಡುವೆ ಅವರಿದ್ದ ಪೇಟ್ರಿಯಟ್ಸ್ ತಂಡದ ಡಿಫೆನ್ಸ್ ಎಷ್ಟು ಬಾರಿ ಪೂರ್ತಿ ಬದಲಾಯಿತೋ.

ನಿಯಮಗಳೂ ಅವರ ಕಡೆಗೇ ವಾಲಿವೆ. 1978ರಲ್ಲಿ, ಚೆಂಡು ಹಿಡಿಯಲು ಓಡುವವನನ್ನು ಮೊದಲ 5 ಗಜದ ಆಚೆ ತಳ್ಳಿ ತಡೆಯುವಂತಿಲ್ಲ ಎಂದು ಲೀಗ್ ಕಟ್ಟಳೆ ಮಾಡಿತು. ಉಕ್ಕಿನ ಪರದೆ ಎಂದು ಹೆಸರಾದ ಡಿಫೆನ್ಸ್‌ನಿಂದ ಅದಕ್ಕೆ ಮೊದಲೇ ಎರಡು ಕಪ್ ಗೆದ್ದಿದ್ದ ಪಿಟ್ಸ್‌ಬರ್ಗ್ ಸ್ಟೀಲರ್ಸ್, ನಿಯಮ ಬದಲಾದ ಮೇಲಿನ ಎರಡು ಕಪ್‌ಗಳನ್ನು ಟೆರಿ ಬ್ರಾಡ್‌ಶಾ ಎಸೆತದ ಬಲದಿಂದ ಗೆದ್ದರು. ಎರಡೂ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಅವರೇ. ಆಮೇಲೆ ಬಂದ ನಿಯಮಗಳೂ ಬಹುಮಟ್ಟಿಗೆ ಚೆಂಡು ಎಸೆಯುವವನ ಮೈಯನ್ನು ಕಾಪಾಡುವಂಥವು. ಹಾಗಾಗಿ 1970ರ ದಶಕದ ಡಿಫೆನ್ಸ್‌ಗಳನ್ನು ಇಂದಿನ ವಾದಕ್ಕೆ ಸಾಕ್ಷಿಯಾಗಿ ತರುವುದು ನ್ಯಾಯವಲ್ಲ.

ಹಾಗಾದರೆ ವಾದ ಮುಗಿಯಿತೇ? ಇಲ್ಲ. ತಾರೆ ಇದ್ದೂ ಕೈಗೆ ಬಂದ ತುತ್ತು ಬಾಯಿಗೆ ಬಾರದವರ ಸಾಲು ಉದ್ದವಿದೆ. ಮಯಾಮಿಯ ಡ್ಯಾನ್ ಮರೀನೋ 1984ರಲ್ಲಿ 5,084 ಗಜ ಎಸೆದು, 48 ಟಚ್‌ಡೌನ್ ಗಳಿಸಿ, ಆ ಕಾಲಕ್ಕೆ ಯಾರೂ ಊಹಿಸದ ಎತ್ತರಕ್ಕೆ ಹೋದರು. ಫೈನಲ್‌ನಲ್ಲಿ 38-16ರಿಂದ ಸೋತರು. ಮತ್ತೆ ಆ ಅಂಗಳಕ್ಕೆ ಬರಲೇ ಇಲ್ಲ. 2007ರಲ್ಲಿ ಬ್ರೇಡಿಯ ಪೇಟ್ರಿಯಟ್ಸ್ 589 ಅಂಕ ಗಳಿಸಿ ಒಂದೂ ಪಂದ್ಯ ಸೋಲದೆ ಬಂದು, ಫೈನಲ್‌ನಲ್ಲಿ ಜೈಂಟ್ಸ್ ಎದುರು 14 ಅಂಕಕ್ಕೆ ನಿಂತರು. 2013ರಲ್ಲಿ ಮ್ಯಾನಿಂಗ್ ಇದ್ದ ಡೆನ್ವರ್ 606 ಅಂಕ ಗಳಿಸಿ ದಾಖಲೆ ಬರೆದು, ಫೈನಲ್‌ನಲ್ಲಿ ಸಿಯಾಟಲ್ ಎದುರು ಗಳಿಸಿದ್ದು 8. ಆರ್‌ಸಿಬಿಯನ್ನು ಪ್ರೀತಿಸಿದವರಿಗೆ ಈ ನೋವಿನ ಪರಿಚಯವಿದೆ: 2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಬಾರಿಸಿದರೂ ಫೈನಲ್ ಕೈತಪ್ಪಿತು, 2025ರಲ್ಲಿ ಕಪ್ ಬಂದ ಫೈನಲ್‌ನ ಪಂದ್ಯಶ್ರೇಷ್ಠ 17 ರನ್ನಿಗೆ 2 ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ.

ನ್ಯೂ ಆರ್ಲಿಯನ್ಸ್‌ನ ಡ್ರೂ ಬ್ರೀಸ್ ವಿಷಯ ನನಗೆ ಇನ್ನೂ ಸಂಕಟ ಕೊಡುತ್ತದೆ. 2012, 2014, 2015, 2016 — ಈ ನಾಲ್ಕೂ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಗಜ ಎಸೆದವರು ಅವರು. 2014ರಲ್ಲಿ ಮಾತ್ರ ಇನ್ನೊಬ್ಬರ ಜೊತೆ ಸಮನಾಗಿ. ನಾಲ್ಕೂ ವರ್ಷ ತಂಡದ ಫಲಿತಾಂಶ 7-9. ಅವರು ಮೂವತ್ತು ಗಳಿಸಿದರೆ ಡಿಫೆನ್ಸ್ ಮೂವತ್ತೈದು ಬಿಟ್ಟುಕೊಡುತ್ತಿದ್ದ ಕಾಲ ಅದು. 2024ರಲ್ಲಿ ಸಿನ್ಸಿನಾಟಿಯ ಬರೋಗೂ ಅದೇ ಗತಿ: 4,918 ಗಜ, 43 ಟಚ್‌ಡೌನ್, ಎರಡರಲ್ಲೂ ಲೀಗ್‌ಗೇ ಮೊದಲು, ತಂಡ 9-8 ಆಗಿ ಪ್ಲೇಆಫ್‌ಗೂ ಬರಲಿಲ್ಲ. ಅಂಥ ಒಬ್ಬ ಆಟಗಾರನ ಅತ್ಯುತ್ತಮ ವರ್ಷಗಳು ಹೀಗೆ ಕರಗುವುದನ್ನು ನೋಡುವುದು ಆ ಊರಿನವರಿಗೆ ಎಂಥ ಹಿಂಸೆ.

ಪೆಟ್ಟಿನ ಅಪಾಯವೂ ಇಲ್ಲಿ ಪೂರ್ತಿ ಒಬ್ಬನ ಮೇಲೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್ 2010ರಲ್ಲಿ 10-6. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ ಮ್ಯಾನಿಂಗ್ 2011ರಲ್ಲಿ ಆಡಲಿಲ್ಲ. ಹೆಚ್ಚುಕಡಿಮೆ ಅದೇ ತಂಡ, 2-14.

ಎಳೆಯ ಕ್ವಾರ್ಟರ್‌ಬ್ಯಾಕ್, ಉಳಿದ ದುಡ್ಡಿನಲ್ಲಿ ಡಿಫೆನ್ಸ್

ಎರಡೇ ದಾರಿ ಎಂದುಕೊಂಡು ಜಗಳವಾಡುವವರು ಮರೆಯುವ ಮೂರನೆಯ ದಾರಿ ಇದು, ಬೆಲೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಣತನದ್ದು. 2011ರ ಕಾರ್ಮಿಕ ಒಪ್ಪಂದದಲ್ಲಿ ಡ್ರಾಫ್ಟ್‌ನಿಂದ (ತಂಡಗಳು ಸರದಿಯಂತೆ ಕಾಲೇಜಿನ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಬರುವ ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಾದ ಪಟ್ಟಿ ಬಂತು. ಅಂದಿನಿಂದ ನಾಲ್ಕು ವರ್ಷ ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅವನ ನಿಜ ಬೆಲೆಯ ಸಣ್ಣ ಪಾಲಿಗೆ ಸಿಗುತ್ತಾನೆ. ಮಿಕ್ಕ ಹಣವನ್ನು ಎಲ್ಲಿ ಬೇಕಾದರೂ ಹಾಕಬಹುದು.

ಸಿಯಾಟಲ್ ಸೀಹಾಕ್ಸ್ ಇದನ್ನು ಮೊದಲು ಮಾಡಿ ತೋರಿಸಿತು. 2012ರ ಡ್ರಾಫ್ಟ್‌ನ 75ನೇ ಆಯ್ಕೆ ರಸೆಲ್ ವಿಲ್ಸನ್. ಎರಡನೇ ವರ್ಷ ಅವರು ಸೂಪರ್ ಬೌಲ್ ಗೆದ್ದಾಗ ಸಂಬಳ 10 ಲಕ್ಷ ಡಾಲರ್‌ಗೂ ಕಡಿಮೆ. ಅವರ ಹಿಂದೆ 2012ರಿಂದ 2015ರವರೆಗೆ ಸತತ ನಾಲ್ಕು ವರ್ಷ ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ಡಿಫೆನ್ಸ್ ಇತ್ತು. ಆ ನಾಲ್ಕು ವರ್ಷದಲ್ಲಿ ಎರಡು ಬಾರಿ ಫೈನಲ್, ಒಂದು ಕಪ್. 2015ರ ಬೇಸಿಗೆಯಲ್ಲಿ ವಿಲ್ಸನ್‌ಗೆ ದೊಡ್ಡ ಒಪ್ಪಂದ ಸಿಕ್ಕಿತು. ಆಮೇಲೆ ಅವರಿದ್ದಷ್ಟು ಕಾಲ ಸಿಯಾಟಲ್ ಮತ್ತೆ ಫೈನಲ್‌ಗೆ ಬರಲಿಲ್ಲ. ಕಪ್ ಗೆಲ್ಲಲು ಸಿಗುವ ಕಿಟಕಿ ಎಷ್ಟು ಕಿರಿದು ಎಂಬುದು ಇದರಿಂದ ಗೊತ್ತಾಗುತ್ತದೆ.

ಈ ದಾರಿಯ ಕಷ್ಟವೆಲ್ಲ ಆಯ್ಕೆಯಲ್ಲಿದೆ. 2017ರ ಡ್ರಾಫ್ಟ್‌ನಲ್ಲಿ ಶಿಕಾಗೋ ಮುಂದಕ್ಕೆ ಜಿಗಿದು ಎರಡನೆಯವನಾಗಿ ಆರಿಸಿದ್ದು ಮಿಚ್ ಟ್ರುಬಿಸ್ಕಿಯನ್ನು. ಮಹೋಮ್ಸ್ ಹತ್ತನೆಯವನಾಗಿ ಕ್ಯಾನ್ಸಸ್ ಸಿಟಿಗೆ ಹೋದರು. ಮುಂದಿನ ವರ್ಷ ಆ ಕಂಬಕ್ಕೆ ಬಡಿದ ಕಿಕ್‌ನಿಂದ ಸೋತ ಶಿಕಾಗೋ ಡಿಫೆನ್ಸ್‌ನ ಮುಂದೆ ಮಹೋಮ್ಸ್ ಇದ್ದಿದ್ದರೆ ಎಂದು ಆ ಊರಿನವರು ಇಂದಿಗೂ ಕೊರಗುತ್ತಾರೆ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮೂರನೇ ಸ್ಥಾನಕ್ಕೆ ಏರಿ ಟ್ರೇ ಲ್ಯಾನ್ಸ್‌ನನ್ನು ಆರಿಸಿತು, ಅದು ಫಲಿಸಲಿಲ್ಲ. ಮರುವರ್ಷದ ಡ್ರಾಫ್ಟ್‌ನ ಕಟ್ಟಕಡೆಯ 262ನೇ ಆಯ್ಕೆ ಬ್ರಾಕ್ ಪರ್ಡಿ ಅದೇ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದರು. ಬ್ರೇಡಿಯೂ 199ನೆಯವರು. ವೃತ್ತಿಯೇ ಇದಾದವರೂ ಇಷ್ಟು ತಪ್ಪುತ್ತಾರೆ ಎಂದಮೇಲೆ, ಸಿಗುವ ಸಾಧ್ಯತೆಯ ಅಂಕಣದಲ್ಲಿ ಈ ದಾರಿಗೆ ಹೆಚ್ಚು ಅಂಕ ಕೊಡಲಾಗದು.

ಪಳಗಿದವನನ್ನು ಕೊಂಡು ತರುವುದು

ಡಿಫೆನ್ಸ್ ಸಿದ್ಧವಿದೆ, ಎಸೆಯುವವನೊಬ್ಬ ಇಲ್ಲ ಎಂಬ ತಂಡಕ್ಕೆ ಇದು ಹತ್ತಿರದ ದಾರಿ. ಟ್ಯಾಂಪಾ 2020ರಲ್ಲಿ ಬ್ರೇಡಿಯನ್ನು ಕರೆತಂದು ಅದೇ ವರ್ಷ ಗೆದ್ದಿತು. ಲಾಸ್ ಏಂಜಲೀಸ್ ರ‍್ಯಾಮ್ಸ್ 2021ರಲ್ಲಿ ಎರಡು ಮೊದಲ ಸುತ್ತಿನ ಆಯ್ಕೆ, ಒಂದು ಮೂರನೇ ಸುತ್ತಿನದು, ಜೊತೆಗೆ ಜಾರೆಡ್ ಗಾಫ್‌ರನ್ನು ಕೊಟ್ಟು ಮ್ಯಾಥ್ಯೂ ಸ್ಟಾಫರ್ಡ್‌ರನ್ನು ತಂದರು. ಆರನ್ ಡೊನಾಲ್ಡ್ ಇದ್ದ ಡಿಫೆನ್ಸ್‌ಗೆ ಅಷ್ಟೇ ಬೇಕಿತ್ತು. ಅದೇ ಸೀಸನ್‌ನಲ್ಲಿ 23-20ರಿಂದ ಕಪ್.

ಇದೇ ಲೆಕ್ಕ ಹಾಕಿ 2022ರಲ್ಲಿ ಡೆನ್ವರ್ ಎರಡು ಮೊದಲ ಸುತ್ತು, ಎರಡು ಎರಡನೇ ಸುತ್ತಿನ ಆಯ್ಕೆಗಳನ್ನೂ ಆಟಗಾರರನ್ನೂ ಕೊಟ್ಟು ರಸೆಲ್ ವಿಲ್ಸನ್‌ರನ್ನು ತಂದಿತು. ಮೊದಲ ವರ್ಷ 5-12. ಎರಡು ವರ್ಷದಲ್ಲಿ ಬಿಟ್ಟುಬಿಡಬೇಕಾಯಿತು, ಅವರು ಇಲ್ಲದಿದ್ದರೂ 8.5 ಕೋಟಿ ಡಾಲರ್ ತಂಡದ ಮಿತಿಯ ಲೆಕ್ಕಕ್ಕೆ ಬಿತ್ತು. ಪಳಗಿದವನನ್ನು ತರುವಾಗ ಅವನ ಹೆಸರು ನೋಡುವುದಕ್ಕಿಂತ ಅವನ ಹಿಂದಿನ ಎರಡು ವರ್ಷ ನೋಡುವುದು ಮೇಲು.

ಕ್ಯಾನ್ಸಸ್ ಸಿಟಿ ಮಾಡಿದ್ದು

ಈ ಎಲ್ಲ ದಾರಿಗಳೂ ಒಂದೇ ತಂಡದಲ್ಲಿ ಹೇಗೆ ಸೇರುತ್ತವೆ ಎಂದು ನೋಡಬೇಕಾದರೆ ಚೀಫ್ಸ್ ಕಥೆ ನೋಡಿ. 2018ರಲ್ಲಿ ಮಹೋಮ್ಸ್ 50 ಟಚ್‌ಡೌನ್ ಎಸೆದರು, ತಂಡ 565 ಅಂಕ ಗಳಿಸಿತು, ಡಿಫೆನ್ಸ್ 421 ಬಿಟ್ಟುಕೊಟ್ಟಿತು. ಎಎಫ್‌ಸಿ ಫೈನಲ್‌ನಲ್ಲಿ ಹೆಚ್ಚುವರಿ ಸಮಯಕ್ಕೆ ಹೋದಾಗ ಬ್ರೇಡಿಗೆ ಚೆಂಡು ಸಿಕ್ಕಿತು, ಡಿಫೆನ್ಸ್ ತಡೆಯಲಿಲ್ಲ, ಮಹೋಮ್ಸ್ ಪಕ್ಕದಲ್ಲಿ ನಿಂತು ನೋಡುತ್ತಲೇ ಸೋತರು. 37-31. ಅಂದು ಆ ಹುಡುಗನಿಂದ ಇನ್ನೇನು ಕೇಳಬಹುದಿತ್ತು?

ತಂಡ ಆ ಚಳಿಗಾಲದಲ್ಲೇ ಡಿಫೆನ್ಸ್‌ನ ಹೊಣೆ ಬದಲಿಸಿ ಸ್ಟೀವ್ ಸ್ಪಾಗ್ನುವೋಲೋರನ್ನು ತಂದಿತು. 2007ರ ಫೈನಲ್‌ನಲ್ಲಿ ಬ್ರೇಡಿಯನ್ನು 14ಕ್ಕೆ ಕಟ್ಟಿಹಾಕಿದ ಜೈಂಟ್ಸ್ ಡಿಫೆನ್ಸ್ ಅವರದೇ. 2019ರಲ್ಲಿ ಬಿಟ್ಟುಕೊಟ್ಟ ಅಂಕ 308ಕ್ಕೆ ಇಳಿಯಿತು, ಕಪ್ ಬಂತು.

2020ರಲ್ಲಿ ಮಹೋಮ್ಸ್ ಜೊತೆ 10 ವರ್ಷಕ್ಕೆ 45 ಕೋಟಿ ಡಾಲರ್ ಒಪ್ಪಂದವಾಯಿತು. ಇಲ್ಲಿಗೆ ಕಿಟಕಿ ಮುಚ್ಚಬೇಕಿತ್ತು. 2022ರಲ್ಲಿ ಮಿತಿಯ ಸುಮಾರು 17 ಪ್ರತಿಶತ ಅವರೊಬ್ಬರದೇ ಆಗಿತ್ತು. ಅದಕ್ಕೆ ಮೊದಲು ಕಪ್ ಗೆದ್ದ ಯಾವ ಕ್ವಾರ್ಟರ್‌ಬ್ಯಾಕ್‌ನ ಪಾಲೂ ಸ್ಟೀವ್ ಯಂಗ್‌ರ 13 ಪ್ರತಿಶತ ದಾಟಿರಲಿಲ್ಲ. ಚೀಫ್ಸ್ ಏನು ಮಾಡಿದರು? ಅತಿ ವೇಗದ ಓಟಗಾರ ಟೈರೀಕ್ ಹಿಲ್‌ರನ್ನು 2022ರ ಮಾರ್ಚ್‌ನಲ್ಲಿ ಮಯಾಮಿಗೆ ಕೊಟ್ಟು 5 ಡ್ರಾಫ್ಟ್ ಆಯ್ಕೆ ಪಡೆದರು. ಆ ವರ್ಷ ಮೊದಲ ಸುತ್ತಿನಲ್ಲಿ ಅವರು ಆರಿಸಿದ ಇಬ್ಬರೂ, ಟ್ರೆಂಟ್ ಮೆಕ್‌ಡಫಿ ಮತ್ತು ಜಾರ್ಜ್ ಕಾರ್ಲಾಫ್ಟಿಸ್, ಡಿಫೆನ್ಸ್‌ನವರು. ತಾರೆಯನ್ನು ಉಳಿಸಿಕೊಂಡು, ಅವನ ಸುತ್ತಲಿನ ಬೆಡಗನ್ನು ಮಾರಿ, ಎಳೆಯ ಅಗ್ಗದ ಡಿಫೆನ್ಸ್ ಕಟ್ಟಿದರು. ಆ ಸೀಸನ್ ಕಪ್. ಮುಂದಿನದೂ ಕಪ್.

2023ರ ಆ ಎರಡನೆಯದಂತೂ ಹೆಚ್ಚು ಡಿಫೆನ್ಸ್‌ನ ಕಪ್. ಇಡೀ ಸೀಸನ್‌ನಲ್ಲಿ ಬಿಟ್ಟುಕೊಟ್ಟದ್ದು 294. ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಡಿಫೆನ್ಸ್ ಸ್ಯಾನ್ ಫ್ರಾನ್ಸಿಸ್ಕೋವನ್ನು ಮೂರೇ ಅಂಕಕ್ಕೆ ನಿಲ್ಲಿಸಿತು, ಆಮೇಲೆ ಮಹೋಮ್ಸ್ ತಂಡವನ್ನು ಮೈದಾನದುದ್ದ ನಡೆಸಿಕೊಂಡು ಹೋಗಿ ಗೆಲುವಿನ ಟಚ್‌ಡೌನ್ ಎಸೆದರು. 25-22. ಐದು ವರ್ಷದ ಹಿಂದೆ ಹೆಚ್ಚುವರಿ ಸಮಯದಲ್ಲಿ ಅವರಿಗೆ ಸಿಗದೇ ಹೋದ ಆ ಒಂದು ಅವಕಾಶವನ್ನು ಈ ಸಲ ಡಿಫೆನ್ಸ್ ಒದಗಿಸಿಕೊಟ್ಟಿತು.

ನಿಮಗೆ ಯಾವುದು

ಕಾಗದದ ಮೇಲೆ ತಂಡ ಕಟ್ಟುವ ಅಪ್ಪ-ಮಗನಿಗೆ: ಕ್ವಾರ್ಟರ್‌ಬ್ಯಾಕ್ ಇನ್ನೂ ಹೊಸಬನ ಒಪ್ಪಂದದಲ್ಲಿದ್ದರೆ ಇವತ್ತೇ ಡಿಫೆನ್ಸ್‌ಗೆ ದುಡ್ಡು ಹಾಕಿ, ನಾಳೆಗೆ ಕೂಡಿಡಬೇಡಿ. ಅವನಿಗೆ ದೊಡ್ಡ ಸಂಬಳ ಕೊಟ್ಟಾಗಿದ್ದರೆ ಡ್ರಾಫ್ಟ್‌ನ ಮೊದಲ ಆಯ್ಕೆಗಳನ್ನು ಡಿಫೆನ್ಸ್‌ಗೆ ಮೀಸಲಿಡಿ, ಏಕೆಂದರೆ ಅಲ್ಲಿ ಮಾತ್ರ ಅಗ್ಗಕ್ಕೆ ಸಿಗುತ್ತದೆ. ಡಿಫೆನ್ಸ್ ಇದೆ, ಕ್ವಾರ್ಟರ್‌ಬ್ಯಾಕ್ ಇಲ್ಲ ಎಂದಾದರೆ ಪಳಗಿದವನೊಬ್ಬನಿಗಾಗಿ ಬೆಲೆ ತೆರಿ, ಆದರೆ ಸಾಧಾರಣ ಆಟಗಾರನಿಗೆ ತಾರೆಯ ಸಂಬಳ ಕೊಡಬೇಡಿ. ನಾನು ಕಂಡ ತಪ್ಪುಗಳಲ್ಲಿ ಅತಿ ದುಬಾರಿ ಅದೇ: ತಾರೆಯೂ ಇಲ್ಲ, ಡಿಫೆನ್ಸ್ ಕೊಳ್ಳಲು ಹಣವೂ ಇಲ್ಲ. ಎರಡೂ ಇಲ್ಲದ ತಂಡ ಕ್ವಾರ್ಟರ್‌ಬ್ಯಾಕ್‌ನಿಂದ ಆರಂಭಿಸಲಿ. ಅವನು ಸಿಗುವವರೆಗೆ ಮೂರು ಸಲ ತಪ್ಪಿದರೂ ನಾಲ್ಕನೆಯ ಸಲ ಹುಡುಕಲಿ.

ಹೊಸದಾಗಿ ಬಂದು ತಂಡ ಹುಡುಕುತ್ತಿರುವವರಿಗೆ: ನಿಮ್ಮೂರಿನ ತಂಡವನ್ನೇ ಹಿಡಿಯಿರಿ, ಮಕ್ಕಳ ಶಾಲೆಯಲ್ಲಿ ಮಾತಿಗೆ ಬರುವುದು ಅದೇ. ಊರಿನ ತಂಡ ಇಲ್ಲದಿದ್ದರೆ ಇಪ್ಪತ್ತೈದರ ಆಸುಪಾಸಿನ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇರುವ ತಂಡ ನೋಡಿ. ಹತ್ತು ವರ್ಷ ಪ್ರತಿ ಜನವರಿಯಲ್ಲೂ ನಿಮಗೆ ನೋಡಲು ಒಂದು ಪಂದ್ಯ ಇರುತ್ತದೆ.

ಒಂದೇ ಒಂದು ಪಂದ್ಯಕ್ಕೆ ಹೆಸರು ಬರೆಯಬೇಕಾದವರಿಗೆ ಮಾತ್ರ ನನ್ನ ಉತ್ತರ ತಿರುಗುತ್ತದೆ. ಒಂದು ದಿನದ ಮಟ್ಟಿಗೆ ಮಹಾನ್ ಕ್ವಾರ್ಟರ್‌ಬ್ಯಾಕ್‌ನನ್ನು ಕಟ್ಟಿಹಾಕಬಹುದು, ಅದಕ್ಕೆ ಒಂದು ಖಚಿತ ಗುರುತು ಇದೆ: ಮುಂಸಾಲಿನ ನಾಲ್ವರೇ ನುಗ್ಗಿ ಅವನನ್ನು ಮುಟ್ಟುವಂತಿರಬೇಕು. ಐದು, ಆರು ಮಂದಿ ನುಗ್ಗಿದರೆ ಹಿಂದೆ ಜಾಗ ತೆರೆದುಕೊಳ್ಳುತ್ತದೆ, ಇಂಥವರು ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕಿಬಿಡುತ್ತಾರೆ. ನಾಲ್ವರೇ ಸಾಕಾದರೆ ಉಳಿದ ಏಳು ಮಂದಿ ಹಿಂದೆ ಬಲೆ ಹಾಸಿ ಕಾಯಬಹುದು. 2007ರ ಸೀಸನ್‌ನ ಫೈನಲ್‌ನಲ್ಲಿ ಜೈಂಟ್ಸ್ ಮುಂಸಾಲು ಬ್ರೇಡಿಯನ್ನು ಉಸಿರಾಡಲು ಬಿಡಲಿಲ್ಲ, ಐದು ಬಾರಿ ಕೆಡವಿತು. 2021ರ ಫೆಬ್ರವರಿಯಲ್ಲಿ ಕಾವಲಿನ ಇಬ್ಬರು ಮುಖ್ಯ ಆಟಗಾರರನ್ನು ಪೆಟ್ಟಿನಿಂದ ಕಳೆದುಕೊಂಡಿದ್ದ ಮಹೋಮ್ಸ್ ಇಡೀ ಪಂದ್ಯ ಓಡಾಡಿಕೊಂಡೇ ಎಸೆದರು, ಚೀಫ್ಸ್ ಒಂದೂ ಟಚ್‌ಡೌನ್ ಕಾಣದೆ ಟ್ಯಾಂಪಾ ಎದುರು 31-9ರಿಂದ ಸೋತರು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಒಮ್ಮೆಯೂ ಹೆಚ್ಚು ಜನರನ್ನು ನುಗ್ಗಿಸದೆ ಮಹೋಮ್ಸ್‌ರನ್ನು ಆರು ಬಾರಿ ಕೆಡವಿದರು. ಮಧ್ಯಂತರಕ್ಕೆ 24-0, ಕೊನೆಗೆ 40-22. ಆ ಡಿಫೆನ್ಸ್ ಕಟ್ಟಿದವರು ಶಿಕಾಗೋದಲ್ಲಿ ಕಿಕ್ ಕಂಬಕ್ಕೆ ಬಡಿದದ್ದನ್ನು ನೋಡಿದ್ದ ಅದೇ ವಿಕ್ ಫ್ಯಾಂಜಿಯೋ.

ಆದ್ದರಿಂದ ಪಟ್ಟಿ ತುಂಬುವ ಮೊದಲು ಆ ಎರಡು ತಂಡಗಳ ಹಿಂದಿನ ವಾರದ ಪಂದ್ಯವನ್ನು ಹತ್ತು ನಿಮಿಷ ನೋಡಿ. ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬಂದ ಕೂಡಲೇ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ನಾಲ್ವರೇ ನುಗ್ಗಿ, ಮೂರು ಎಣಿಸುವುದರೊಳಗೆ ಅವನ ಕಾಲು ನಿಂತಲ್ಲಿ ನಿಲ್ಲದಂತೆ ಮಾಡುತ್ತಿದ್ದರೆ ಆ ಡಿಫೆನ್ಸ್‌ನ ಹೆಸರು ಬರೆಯಿರಿ. ಮೂರು ಮುಗಿದು ನಾಲ್ಕು ಎಣಿಸುವಾಗಲೂ ಅವನು ನೆಮ್ಮದಿಯಾಗಿ ನಿಂತು ಮೈದಾನ ನೋಡುತ್ತಿದ್ದರೆ, ಎದುರಿಗಿರುವ ಡಿಫೆನ್ಸ್‌ನ ಹೆಸರು ಎಷ್ಟೇ ದೊಡ್ಡದಿರಲಿ, ಕ್ವಾರ್ಟರ್‌ಬ್ಯಾಕ್‌ನ ತಂಡವನ್ನೇ ಬರೆಯಿರಿ.